ಕೊಸರಿನ ಸುತ್ತು

ಟ್ರಾಲಿಯ ಕೆಳಗೆ ಎಣ್ಣೆ ಬಿದ್ದಿರುವುದನ್ನು ಮೊದಲು ನೋಡಿದವಳು ನಾನೇ. ಬೆಳಿಗ್ಗೆ ಅಂಗಳ ಗುಡಿಸುವಾಗ ಅಂಗೈಯಷ್ಟು ಅಗಲದ ಕಪ್ಪು ಕಲೆ ಕಂಡಿತು. ಸೆಗಣಿ ನೀರು ಚಿಮುಕಿಸಿದರೆ ನೀರು ಅದರ ಮೇಲಿಂದ ಸರಿದು ಬೇರೆ ಕಡೆ ಹೋಯಿತು. ಮರುದಿನ ಕಲೆ ಊಟದ ತಟ್ಟೆಯಷ್ಟಾಗಿತ್ತು.

ಆಗ ತೊಗರಿ ರಾಶಿ ಮುಗಿದಿತ್ತು. ಹೊಲದ ಕೆಲಸವಿಲ್ಲದ ದಿನಗಳಲ್ಲಿ ನಮ್ಮ ಟ್ರಾಕ್ಟರು ಮನೆ ಕಟ್ಟಿಸುವವರಿಗೆ ಮುರ್ರಂ, ಅಂದರೆ ಕೆಂಪು ಗರಸು ಮಣ್ಣು, ಹೊರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಮನೆಯವರು ಚೀಲದ ನಿಟ್ಟಿನಿಂದ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ ಟ್ರಾಕ್ಟರು ನಡೆಸುವವಳು ಮಗಳು ವರ್ಷಾ. ನಮ್ಮೂರು ರಾಜೇಶ್ವರದಲ್ಲಿ ಮೊದಮೊದಲು ಜನ ನಿಂತು ನೋಡುತ್ತಿದ್ದರು. ಈಗ ಕೈ ಮಾಡಿ, "ಏ ವರ್ಷಾ, ನಮ್ಮ ಬೀಗರ ಮನಿಗೂ ಎರಡು ಖೇಪು ಮಣ್ಣು ಹಾಕವ್ವಾ" ಎನ್ನುತ್ತಾರೆ. ನಿಂತು ನೋಡುವವಳು ಈಗಲೂ ನಾನೊಬ್ಬಳೇ. ರಸ್ತೆಯ ತಿರುವಿನಲ್ಲಿ ಟ್ರಾಲಿಯ ಹಿಂಬದಿ ಮರೆಯಾಗುವ ತನಕ ನಾನು ಒಳಗೆ ಹೋಗುವುದಿಲ್ಲ.

ಟ್ರಾಲಿಯ ತೊಟ್ಟಿಯನ್ನು ಎತ್ತಿ ಮಣ್ಣು ಸುರಿಯುವ ಕಬ್ಬಿಣದ ಕಂಬಕ್ಕೆ ನಮ್ಮ ಕಡೆ ಜಾಕ್ ಎನ್ನುತ್ತಾರೆ. ಟ್ರಾಕ್ಟರಿನಿಂದ ರಬ್ಬರ್ ಪೈಪಿನಲ್ಲಿ ಎಣ್ಣೆ ಒತ್ತಿಕೊಂಡು ಬಂದು ಜಾಕನ್ನು ಮೇಲೆತ್ತುತ್ತದೆ. ಹಿಡಿಕೆ ಎಳೆದರೆ ಅದೇ ಎಣ್ಣೆ ಬಂದ ದಾರಿಯಲ್ಲೇ ವಾಪಸು ಹೋಗಿ ತೊಟ್ಟಿ ಇಳಿಯುತ್ತದೆ. ಪೈಪು ಜಾಕಿಗೆ ಕೂಡುವಲ್ಲಿ ಹೆಬ್ಬೆರಳಿನ ಗಾತ್ರದ ಒಂದು ನಿಪ್ಪಲ್ ಇದೆ. ಅದರ ತುದಿಗೆ ಚೂಡಿ, ಅಂದರೆ ತಿರುಪಿನ ಗೆರೆಗಳು. ನಮ್ಮ ನಿಪ್ಪಲ್ಲಿನ ಚೂಡಿ ಸವೆದಿತ್ತು. ಸೋರುತ್ತಿದ್ದದ್ದು ಅಲ್ಲಿಂದ.

ಹೊಸದನ್ನು ತರಲು ನಾನೂ ವರ್ಷಾಳೂ ಹುಮನಾಬಾದಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶಂಕರಲಿಂಗ ಎನ್ನುವವರದು ಹೋಸ್ ಪೈಪಿನ ದುಕಾನ. ಹಣೆ ತುಂಬ ವಿಭೂತಿ, ಮೈ ತುಂಬ ಎಣ್ಣೆ. ಹಳೆಯ ನಿಪ್ಪಲ್ಲನ್ನು ಬೆಳಕಿಗೆ ಹಿಡಿದು ನೋಡಿ ವರ್ಷಾಳನ್ನು ಕೇಳಿದರು.

"ಎಲ್ಲಿ ಸೋರಾಕತ್ತದ ಅಂತ ಹ್ಯಾಂಗ ಹುಡುಕಿದಿ ತಂಗಿ?"

"ಬೆರಳು ಇಟ್ಟು ನೋಡಿದೆ ಕಾಕಾ."

"ತೊಟ್ಟಿ ಮ್ಯಾಲಿದ್ದಾಗ?"

"ಹೌದ್ರಿ."

ಶಂಕರಲಿಂಗ ತಮ್ಮ ಎಡಗೈಯನ್ನು ನಮ್ಮ ಮುಂದೆ ಗಲ್ಲಾದ ಮೇಲೆ ಇಟ್ಟರು. ತೋರುಬೆರಳು ಮೊದಲ ಗಿಣ್ಣಿಗೇ ಮುಗಿದಿತ್ತು.

"ನಾನೂ ಹಂಗ ಇಟ್ಟಿದ್ದೆ. ಕೂದಲೆಳಿಯಷ್ಟು ಸಣ್ಣ ಸೀಳು. ಸೂಜಿ ಚುಚ್ಚಿದಂಗ ಆತು, ರಕ್ತ ಸುದ್ಧಾ ಬರ್ಲಿಲ್ಲ. ಏನಾಗಿಲ್ಲ ಅಂತ ಸಂಜಿತನಕ ಕೆಲಸ ಮಾಡೀನಿ. ರಾತ್ರಿ ಕೈ ಬಾತು ಕುಂಬಳಕಾಯಿ ಆತು. ಮೂರನೇ ದಿನ ಸೋಲಾಪುರದಾಗ ಬೆರಳು ತಗದ್ರು. ಎಣ್ಣಿ ಚರ್ಮದೊಳಗ ಹೊಕ್ಕು ಮಾಂಸ ಸುಟ್ಟಿತ್ತು. ಇನ್ನ ಮ್ಯಾಲೆ ರಟ್ಟಿನ ತುಂಡು ಹಿಡಿದು ನೋಡು. ಕೈ ಅಲ್ಲ."

"ಹೂಂನ್ರಿ ಕಾಕಾ."

"ಇನ್ನೊಂದು ಮಾತು. ಈ ಬಿಳಿ ಟೇಪು ಮೂರೇ ಸುತ್ತು. ಮುಂದಿನ ಎರಡು ಚೂಡಿ ಬರಿದು ಬಿಡಬೇಕು. ಬಾಯಿ ಮ್ಯಾಲೆ ಟೇಪು ಬರಬಾರದು. ತಿಳೀತೇನು?"

ವರ್ಷಾ ತಲೆಯಾಡಿಸಿದಳು. ಅದೇ ಮಾತು ನನ್ನ ಕಿವಿಗೂ ಬಿತ್ತು. ಆದರೆ ನನ್ನ ಕಣ್ಣು ಆ ಅರ್ಧ ಬೆರಳಿನ ಮೇಲಿತ್ತು. ವರ್ಷಾಳ ಬೆರಳುಗಳು ಉದ್ದ, ಸಪೂರ. ಸಣ್ಣವಳಿದ್ದಾಗ ಅವುಗಳನ್ನು ಒಂದೊಂದಾಗಿ ಎಣಿಸಿ ಮಲಗಿಸುತ್ತಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬೆರಳ ತುದಿಗಳನ್ನು ಒತ್ತಿ ಒತ್ತಿ ನೋಡಿದೆ. "ಏನೂ ಆಗಿಲ್ಲವ್ವಾ, ಬಿಡು" ಎಂದು ಕೈ ಎಳೆದುಕೊಂಡಳು.

ಮರುದಿನ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಿಂದ ಕೂಗಿದಳು.

"ಅವ್ವಾ, ಜರಾ ಬಾ ಇಲ್ಲಿ. ನನ್ನ ಕೈಯೆಲ್ಲಾ ಎಣ್ಣಿ ಆಗ್ಯಾವ, ಟೇಪು ಜಾರಾಕತ್ತದ. ನಿನ್ನ ಕೈ ಒಣಗ್ಯಾವ, ನೀನ ಸುತ್ತು."

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದೆ. ಹಳೆಯ ನಿಪ್ಪಲ್ ಬಿಚ್ಚುವ ಮೊದಲೇ ತೊಟ್ಟಿಯನ್ನು ಎತ್ತಿ, ಅದು ಬೀಳದಂತೆ ಜಾಲಿಯ ದಪ್ಪ ದಿಮ್ಮಿಯನ್ನು ಅಡ್ಡ ಕೊಟ್ಟಿದ್ದಳು. ನಿಪ್ಪಲ್ಲನ್ನು ನನ್ನ ಎಡಗೈಗೆ ಕೊಟ್ಟು, ಟೇಪಿನ ತುದಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತೋರಿಸಿದಳು. "ಮೂರು ಸುತ್ತು. ಮುಂದ ಎರಡು ಗೆರಿ ಬಿಡು" ಎಂದು ಹೇಳಿ ನಿಪ್ಪಲ್ ತಿರುಗಿಸಿ ಬಿಗಿಯುವ ದೊಡ್ಡ ಪಾನಾ ಹುಡುಕಲು ಟ್ರಾಕ್ಟರಿನ ಕಡೆ ಹೋದಳು.

ಎಣಿಸುವುದನ್ನು ನನಗೆ ಕಲಿಸಿದವರು ನನ್ನ ಅಪ್ಪ. ಕಣದಲ್ಲಿ ಸೇರಿನಿಂದ ಜೋಳ ಅಳೆಯುವಾಗ ಅವರು ಒಂದು ಎಂದು ಹೇಳುತ್ತಿರಲಿಲ್ಲ. ಲಾಭ, ಎರಡು, ಮೂರು ಎಂದು ಅಳೆಯುತ್ತಿದ್ದರು. ಅಳತೆ ಮುಗಿದ ಮೇಲೆ ಎರಡು ಬೊಗಸೆ ಕೊಸರು ಹಾಕುತ್ತಿದ್ದರು. ಕೊಸರು ಹಾಕದೆ ಯಾರನ್ನೂ ಕಣದಿಂದ ಕಳಿಸಿದವರಲ್ಲ. ನಾನೂ ಹಾಗೆಯೇ. ಸಾರಿಗೆ ನೀರು ಹಾಕುವಾಗ, ದೇವರಿಗೆ ಬತ್ತಿ ಹೊಸೆಯುವಾಗ, ನೆರೆಯವರಿಗೆ ಕಡ ಕೊಡುವಾಗ ಕೈ ತಾನಾಗಿಯೇ ಒಂದಿಷ್ಟು ಹೆಚ್ಚು ಹಾಕುತ್ತದೆ.

ಲಾಭ, ಎರಡು, ಮೂರು ಎಂದು ಸುತ್ತಿದೆ. ಮೂರಾದ ಮೇಲೂ ಟೇಪಿನ ಕೆಳಗೆ ಕಬ್ಬಿಣದ ಗೆರೆಗಳು ಎದ್ದು ಕಾಣುತ್ತಿದ್ದವು. ಇಷ್ಟು ತೆಳ್ಳಗಿನದು ಏನನ್ನು ತಡೆದೀತು ಎನಿಸಿತು. ಗಲ್ಲಾದ ಮೇಲಿದ್ದ ಅರ್ಧ ಬೆರಳು ಕಣ್ಣಿಗೆ ಬಂತು. ಕೊಸರಿಗೆ ಇನ್ನೆರಡು ಸುತ್ತು ಹಾಕಿದೆ. ಅವು ಬರಿದಾಗಿ ಬಿಡಬೇಕಿದ್ದ ಎರಡು ಗೆರೆಗಳ ಮೇಲೆ ಹೋದವು. ಟೇಪಿನ ಅಂಚು ನಿಪ್ಪಲ್ಲಿನ ಬಾಯಿಯಿಂದ ಆಚೆಗೆ ಬಂದಿತ್ತು. ಕರಿಗಡಬಿನ ಅಂಚನ್ನು ಹೂರಣ ಹೊರಬಾರದಂತೆ ಒತ್ತಿ ಮಡಿಸುವ ಹಾಗೆ, ಅದನ್ನೂ ಹೆಬ್ಬೆರಳಿನಿಂದ ಒಳಕ್ಕೆ ಮಡಿಸಿ ಒತ್ತಿದೆ.

ವರ್ಷಾ ಬಂದು ಇಸಿದುಕೊಂಡು, ದಿಮ್ಮಿಯ ಪಕ್ಕದಿಂದ ತೊಟ್ಟಿಯ ಕೆಳಗೆ ನುಸುಳಿ, ನೆರಳಿನಲ್ಲೇ ಅದನ್ನು ತಿರುಗಿಸಿ ಬಿಗಿದಳು. ಆಮೇಲೆ ನಾಲ್ಕು ಸಲ ತೊಟ್ಟಿ ಎತ್ತಿ ಇಳಿಸಿ ರಟ್ಟು ಹಿಡಿದು ನೋಡಿದಳು. ರಟ್ಟು ಒಣಗಿದಂತೆಯೇ ಇತ್ತು. "ಭಾರಿ ಸುತ್ತಿದಿ ನೋಡವ್ವಾ" ಎಂದಳು. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ಮೂರು ದಿನ ಅಂಗಳದಲ್ಲಿ ಕಲೆ ಇರಲಿಲ್ಲ. ಮೂರನೆಯ ದಿನ ಸಂಜೆ ಕೈಕಾಲು ತೊಳೆಯುತ್ತ ವರ್ಷಾ ಹೇಳಿದಳು:

"ಅವ್ವಾ, ತೊಟ್ಟಿ ಏರೂದು ಬರಾಬರ್ ಏರತದ. ಇಳಿಯೂದು ಯಾಕೋ ತಡಾ ಮಾಡಾಕತ್ತದ."

"ಚಳಿಗೆ ಎಣ್ಣಿ ಗಟ್ಟಿ ಆಗಿರಬೇಕು ಬಿಡವ್ವಾ" ಎಂದೆ. ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಗಟ್ಟಿಯಾಗುವುದು ನನಗೆ ಗೊತ್ತು. ಅದಕ್ಕಿಂತ ಹೆಚ್ಚಿಗೆ ನನಗೇನೂ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಶುಕ್ರವಾರ. ವರ್ಷಾ ಬೆಳಿಗ್ಗೆಯೇ ಮುರ್ರಂ ತುಂಬಿಕೊಂಡು ಬಸವಕಲ್ಯಾಣಕ್ಕೆ ಹೋದಳು. ತ್ರಿಪುರಾಂತ ಕೆರೆಯ ಆಚೆ ಯಾರೋ ದೊಡ್ಡ ಮನೆ ಕಟ್ಟಿಸುತ್ತಿದ್ದರು. ನಾನು ಅಡಿಗೆ ಮುಗಿಸಿ, ಮನೆಯವರಿಗೆ ಊಟಕ್ಕೆ ಮುಚ್ಚಿಟ್ಟು, ಅವರ ಸೊಂಟದ ಗುಳಿಗೆ ತರಲು ಹುಮನಾಬಾದಿಗೆ ಹೋದೆ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು. ಈಗ ಸುತ್ತುವುದು ಗೊತ್ತಲ್ಲ, ಒಂದು ಟೇಪು ತಂದರಾಯಿತು ಎಂದು ಶಂಕರಲಿಂಗರ ದುಕಾನಕ್ಕೂ ಹೋದೆ.

"ಬರ್ರಿ ಅಕ್ಕಾರ. ಏನಂತದ ನಿಮ್ಮ ಟ್ರಾಲಿ?"

"ಒಂದು ಹನಿ ಇಲ್ರಿ. ನಾನ ಸುತ್ತೀನಿ."

"ಹೌದ? ನಾಳಿಂದ ನನ್ನ ದುಕಾನಕ್ಕ ಬರ್ರಿ, ಪಗಾರ ಕೊಡ್ತೀನಿ."

"ಮೂರು ಅಂದಿದ್ರಿ. ನಾ ಕೊಸರಿಗೆ ಎರಡು ಹಾಕೀನಿ" ಎಂದು ನಕ್ಕೆ. "ಬಾಯಿಗೂ ಮಡಿಚಿ ಒತ್ತೀನಿ, ಕಡಬಿನಂಗ."

ಅವರು ಡಬ್ಬಿಯಿಂದ ಟೇಪು ತೆಗೆಯುತ್ತಿದ್ದವರು ತೆಗೆಯಲಿಲ್ಲ.

"ಬಾಯಿ ಮ್ಯಾಲೇನ್ರಿ? ಒಳಗ ಮಡಿಚಿ?"

"ಹೌದ್ರಿ."

"ತೊಟ್ಟಿ ಇಳಿಯೂದು ತಡಾ ಆಗಾಕತ್ತದ ಅಂತ ಏನರ ಅಂದಾಳೇನು ತಂಗಿ?"

ಹೌದೆಂದು ತಲೆಯಾಡಿಸಿದೆ.

ಶಂಕರಲಿಂಗ ಗಲ್ಲಾ ಬಿಟ್ಟು ಈಚೆ ಬಂದರು. ಬೈಯಲಿಲ್ಲ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು. ಬಾಯಿ ಮೇಲಿನ ಟೇಪನ್ನು ಎಣ್ಣೆಯ ಒತ್ತಡ ಹರಿದು ಚೂರು ಮಾಡುತ್ತದೆ. ಇಳಿಯುವಾಗ ಎಣ್ಣೆ ಆ ಚೂರುಗಳನ್ನು ಎಳೆದುಕೊಂಡು ಟ್ರಾಕ್ಟರಿಗೆ ಹೋಗುತ್ತದೆ. ಅಲ್ಲಿ ವಾಲ್ವಿನ ಸಣ್ಣ ತೂತಿನಲ್ಲಿ ಅವು ಸಿಕ್ಕಿಕೊಳ್ಳುತ್ತವೆ. ಆಗ ಎಣ್ಣೆಗೆ ವಾಪಸು ಹೋಗಲು ದಾರಿಯಿಲ್ಲ. ತೊಟ್ಟಿ ಮೇಲೆಯೇ ನಿಂತುಬಿಡುತ್ತದೆ.

"ನಿಂತ್ರ ನಿಲ್ಲಲಿ ಬಿಡ್ರಿ" ಎಂದೆ. "ಮ್ಯಾಲೆ ನಿಂತ್ರ ಏನಾಗ್ತದ?"

"ನಿಂತ್ರ ಏನಾಗೂದಿಲ್ರಿ. ನಿಂತ ಮ್ಯಾಲೆ ಡ್ರೈವರುಗಳು ಏನ್ ಮಾಡ್ತಾರ, ಅದೇ ಅಂಜಿಕಿ. ಪಾನಾ ತಗೊಂಡು ತೊಟ್ಟಿ ಕೆಳಗ ಹೋಗ್ತಾರ. ನಿಪ್ಪಲ್ ಸಡಿಲ ಮಾಡಿ ಎಣ್ಣಿ ಬಿಡ್ತಾರ. ಇಳಿಸಬೇಕಾದ ತೊಟ್ಟಿಗೆ ದಿಮ್ಮಿ ಯಾರು ಕೊಡ್ತಾರ್ರಿ? ನಿಪ್ಪಲ್ ಪೂರಾ ಕಳಚಿತಂದ್ರ..."

ಅವರು ಅಂಗೈಯನ್ನು ಮೇಲಿಂದ ಕೆಳಗೆ ಇಳಿಸಿದರು.

"ಎಲ್ಲಿ ಹೋಗ್ಯಾಳ ಇವತ್ತ?"

"ಕಲ್ಯಾಣಕ್ಕ ಹೋಗ್ಯಾಳ್ರಿ."

"ಫೋನ್ ಹಚ್ರಿ ಮೊದಲ."

ಹಚ್ಚಿದೆ. ಗಂಟೆ ಹೋಯಿತು, ಎತ್ತಲಿಲ್ಲ. ವರ್ಷಾ ಕೆಲಸದಲ್ಲಿ ಫೋನನ್ನು ಟ್ರಾಕ್ಟರಿನ ಸೀಟಿನ ಕೆಳಗಿನ ಡಬ್ಬಿಯಲ್ಲಿ ಇಡುತ್ತಾಳೆ. ಜಾರಿ ಬಿದ್ದೀತು, ಅಲ್ಲೇ ಇಡವ್ವಾ ಎಂದು ಹೇಳಿಕೊಟ್ಟವಳೂ ನಾನೇ. ಶಂಕರಲಿಂಗ ತಮ್ಮ ಫೋನಿನಿಂದಲೂ ಹಚ್ಚಿದರು. ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಕಲ್ಯಾಣದ ಬಸ್ಸು ಹೊರಡುವ ಸದ್ದಾಯಿತು. "ನೀವು ಹೋಗ್ರಿ. ನಾ ದುಕಾನ ಮುಚ್ಚಿ ಪಾನಾ ಪಕ್ಕಡ ತಗೊಂಡು ಗಾಡಿ ಮ್ಯಾಲೆ ಬರ್ತೀನಿ. ಯಾರ ಸಿಕ್ರೂ ಒಂದ ಮಾತು ಹೇಳ್ರಿ, ಕೆಳಗ ಹೋಗಬ್ಯಾಡ ಅಂತ" ಎಂದರು. ನಾನು ಓಡಿದೆ. ಗುಳಿಗೆಯ ಚೀಟಿ ಎಲ್ಲಿ ಬಿತ್ತೋ ತಿಳಿಯಲಿಲ್ಲ.

ಬಸ್ಸು ತುಂಬಿತ್ತು. ಕಿಟಕಿಯ ಪಕ್ಕದ ಮುದುಕಿಯೊಬ್ಬರು ಬುತ್ತಿ ಚೀಲ ಎತ್ತಿಕೊಂಡು ಜಾಗ ಕೊಟ್ಟರು. ಕಂಡಕ್ಟರು ಬಂದ.

"ಅಕ್ಕಾರ, ಆಧಾರ್ ಕಾರ್ಡ್ ತೋರಸ್ರಿ."

ನಾನು ಕೈಯಲ್ಲಿದ್ದುದನ್ನು ತೋರಿಸಿದೆ.

"ಇದು ಫೋನ್ ಆತ್ರಿ. ಇದಕ್ಕ ಟಿಕೀಟ್ ಬ್ಯಾಡ. ನಿಮ್ಮದು ತೋರಸ್ರಿ."

ಸುತ್ತಲಿನವರು ನಕ್ಕರು. ನಾನು ಚೀಲದಲ್ಲಿ ಕೈ ಹಾಕಿದೆ, ಕಾರ್ಡು ಬೆರಳಿಗೆ ಸಿಗಲಿಲ್ಲ. ಮುದುಕಿಯೇ ಅದನ್ನು ಹೊರಗೆ ತೆಗೆದು ಅವನಿಗೆ ತೋರಿಸಿ, "ಯಾಕ ನಮ್ಮವ್ವಾ, ಮೈಯಾಗ ಆರಾಮಿಲ್ಲೇನು?" ಎಂದರು. ಆರಾಮಿದ್ದೇನೆ ಎಂದೆ.

ಮತ್ತೆ ಹಚ್ಚಿದೆ. ಎತ್ತಲಿಲ್ಲ. ಮನೆಗೆ ಹಚ್ಚಿದೆ.

"ಏನ್ರಿ, ಆ ಕಲ್ಯಾಣದ ಮನಿ ಮಾಲಕರ ನಂಬರ ಅದ ಏನ್ರಿ ನಿಮ್ಮ ಕಡಿ?"

"ಅದ. ಯಾಕ?"

"ಹಚ್ಚಿ, ವರ್ಷಾಗ ಟ್ರಾಲಿ ಕೆಳಗ ಹೋಗಬ್ಯಾಡ ಅಂತ ಹೇಳಸ್ರಿ."

"ಯಾಕ, ಏನಾತು ಜಗದೇವಿ? ಖರೇ ಹೇಳು."

"ಈಗ ಕೇಳಬ್ಯಾಡ್ರಿ. ಮೊದಲ ಹಚ್ರಿ."

ಸ್ವಲ್ಪ ಹೊತ್ತಿಗೆ ಅವರೇ ಹಚ್ಚಿ, ಮಾಲಕರ ಫೋನ್ ಬಂದ್ ಅದ ಎಂದರು. ಅವರ ಉಸಿರು ಜೋರಾಗಿತ್ತು. ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದಾರೆಂದು ನನಗೆ ತಿಳಿಯಿತು. ಎದ್ದು ಎಲ್ಲಿಗೆ ಹೋದಾರು?

ನಮ್ಮೂರ ಸ್ಟಾಪಿನಲ್ಲಿ ಬಸ್ಸು ನಿಂತಿತು. ನೆರೆಮನೆಯ ಹುಡುಗಿಯೊಬ್ಬಳು ಕೆಳಗಿನಿಂದ, "ಇಳಿಯೂದಿಲ್ಲೇನು ಅತ್ತಿ?" ಎಂದು ಕೂಗಿದಳು. ನಾನು ಮುಖ ತಿರುಗಿಸಿದೆ. ಬಸ್ಸು ಮತ್ತೆ ಹೊರಟಿತು. ಹೊರಗೆ ಕಡಿದ ತೊಗರಿಯ ಕೂಳೆ, ಕಪ್ಪು ನೆಲ, ಅಲ್ಲಲ್ಲಿ ಟ್ರಾಲಿಗಳು. ಕಂಡ ಪ್ರತಿ ಟ್ರಾಲಿಯ ಕೆಳಗೂ ನನ್ನ ಕಣ್ಣು ಹೋಗುತ್ತಿತ್ತು.

ಏಳನೆಯ ಸಲ ಫೋನ್ ಯಾರೋ ಎತ್ತಿದರು. ಸಿಮೆಂಟು ಕಲಸುವ ಯಂತ್ರದ ಗರಗರ ಸದ್ದು, ಅದರ ನಡುವೆ ಒಂದು ಹೆಣ್ಣು ದನಿ.

"ಹಲೋ, ಯಾರ್ರಿ? ಈ ಫೋನ್ ಭಾಳ ಹೊತ್ತಿನಿಂದ ಬಡಕೊಳ್ಳಾಕತ್ತದ, ಅದಕ್ಕ ಎತ್ತೀನಿ. ನಾ ಮುಕ್ತಾಬಾಯಿ, ಇಟ್ಟಂಗಿ ಹೊರಾಕ ಬಂದಾಕಿ."

"ನಾ ವರ್ಷಾನ ಅವ್ವ. ವರ್ಷಾ ಎಲ್ಲಿದ್ದಾಳ್ರಿ?"

"ಟ್ರಾಲಿ ಕೆಳಗ ಕುಂತಾಳ್ರಿ. ಮ್ಯಾಲೆ ಹೋದದ್ದು ಕೆಳಗ ಬರವಲ್ದು. ಪಾನಾ ಹಿಡಕೊಂಡು ಏನೋ ತಿರುವಾಕತ್ತಾಳ."

ಬಸ್ಸಿನ ಸದ್ದು ನನಗೆ ಕೇಳಿಸದಾಯಿತು.

"ಆಕಿಗೆ ಹೊರಗ ಬಾ ಅನ್ರಿ. ಈಗಿಂದೀಗ ಹೊರಗ ಬಾ ಅನ್ರಿ. ನಿಮ್ಮ ಕಾಲು ಮುಗೀತೀನಿ."

ಮುಕ್ತಾಬಾಯಿ ಕೂಗಿದ್ದು ಕೇಳಿತು. ದೂರದಿಂದ ವರ್ಷಾಳ ದನಿಯೂ ಕೇಳಿತು, ಮಾತು ತಿಳಿಯಲಿಲ್ಲ. ಮುಕ್ತಾಬಾಯಿ ಮತ್ತೆ ಫೋನಿಗೆ ಬಂದರು.

"ಎರಡ ಮಿನಿಟ್ ಅಂತಾಳ್ರಿ. ಸಡಿಲ ಆಗ್ಯಾದಂತ. ಇನ್ನೊಂದ ಸುತ್ತು ಅಷ್ಟ ಅಂತ."

ಇನ್ನೊಂದು ಸುತ್ತು. ಟೇಪು, ವಾಲ್ವು, ಒತ್ತಡ ಎಂದು ನಾನು ಈ ಹೆಂಗಸಿಗೆ ಹೇಳಿ, ಅವರು ಅದನ್ನು ಯಂತ್ರದ ಸದ್ದಿನಲ್ಲಿ ಕೂಗಿ, ವರ್ಷಾ ಅದನ್ನು ಕೇಳಿ, ಅಲ್ಲವ್ವಾ ಎಂದು ವಾದ ಮಾಡಿ ಮುಗಿಸುವಷ್ಟು ಹೊತ್ತು ಇರಲಿಲ್ಲ. ವರ್ಷಾ ಹಿಡಿದ ಕೆಲಸ ಬಿಡುವ ಹುಡುಗಿಯಲ್ಲ. ಅವಳು ಬಿಟ್ಟು ಓಡಿ ಬರುವ ಮಾತು ಲೋಕದಲ್ಲಿ ಒಂದೇ ಇತ್ತು. ಆ ಮಾತನ್ನು ಮುತ್ತೈದೆಯಾದವಳು ಕನಸಿನಲ್ಲೂ ಆಡುವುದಿಲ್ಲ. ನನ್ನ ಕೈ ತಾನಾಗಿಯೇ ಕೊರಳ ತಾಳಿಯ ಗುಂಡಿನ ಮೇಲೆ ಹೋಯಿತು.

"ಆಕಿ ಅಪ್ಪ ಬಿದ್ದಾರ ಅಂತ ಹೇಳ್ರಿ" ಎಂದು ಕೂಗಿದೆ. "ಉಸಿರು ಇಲ್ಲ ಅನ್ರಿ. ಅಪ್ಪ ಹೋದ್ರು ಅನ್ರಿ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫೋನಿನಲ್ಲಿ ಮುಕ್ತಾಬಾಯಿ, "ಅಯ್ಯೋ ಶಿವನೇ! ಏ ವರ್ಷಾ, ನಿಮ್ಮಪ್ಪ..." ಎಂದು ಓಡುತ್ತ ಕೂಗಿದ್ದು ಕೇಳಿತು. ಕಬ್ಬಿಣಕ್ಕೆ ಕಬ್ಬಿಣ ಬಿದ್ದ ಸದ್ದು, ಸಣ್ಣದು, ಪಾನಾದ್ದಿರಬೇಕು. ಆಮೇಲೆ ಇನ್ನೊಂದು ಸದ್ದು. ಅದು ಫೋನಿನಲ್ಲಿ ಹಿಡಿಸಲಿಲ್ಲ, ಒಡೆದು ಹೋಯಿತು. ನಂತರ ಏನೂ ಇಲ್ಲ. ಹಲೋ ಎಂದೆ. ಮತ್ತೆ ಹಚ್ಚಿದರೆ, ನೀವು ಕರೆ ಮಾಡಿದ ಚಂದಾದಾರರು ಎಂದು ಬೇರೊಬ್ಬಳ ದನಿ ಬಂತು.

ಯಾವುದು ಮೊದಲು? ನನ್ನ ಮಾತು ಅವಳನ್ನು ಮುಟ್ಟಿದ್ದೋ, ತೊಟ್ಟಿ ಬಿದ್ದದ್ದೋ? ಕಲ್ಯಾಣದ ದಾರಿ ಒಡೆಯುವ ಬಂಗ್ಲಾ ಕ್ರಾಸ್ ತನಕ ಅದೊಂದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಪಾನಾ ಬಿದ್ದ ಸದ್ದು ಮೊದಲು. ಪಾನಾ ಬಿತ್ತೆಂದರೆ ಬಿಟ್ಟಳು. ಬಿಟ್ಟು ಎಷ್ಟು ಹೆಜ್ಜೆ? ತೊಟ್ಟಿಯ ಕೆಳಗಿನಿಂದ ಬಗ್ಗಿ ಹೊರಬರಲು ಎಷ್ಟು ಹೊತ್ತು ಬೇಕು? ನಮ್ಮ ಅಂಗಳದಲ್ಲಿ ಅವಳು ಹೊರಬರುವುದನ್ನು ನೋಡಿದ್ದೆನಲ್ಲ. ಮೊದಲು ಬಲಗಾಲು, ಆಮೇಲೆ ತಲೆ, ಜಡೆ ಸಿಕ್ಕಬಾರದೆಂದು ಒಂದು ಕೈ ಜಡೆಯ ಮೇಲೆ. ಅದನ್ನು ಮನಸ್ಸಿನಲ್ಲಿ ಮಾಡಿ ಮಾಡಿ ನೋಡಿದೆ. ಒಮ್ಮೆ ಹೊರಗೆ ಬರುತ್ತಿದ್ದಳು, ಒಮ್ಮೆ ಬರುತ್ತಿರಲಿಲ್ಲ.

ನನ್ನ ಮಾತು ಕೇಳಿದ್ದ ಮುದುಕಿ ನನ್ನ ಹೆಗಲ ಮೇಲೆ ಕೈ ಇಟ್ಟು, "ಯಾವಾಗ ಹೋದ್ರವ್ವಾ ಯಜಮಾನ್ರು?" ಎಂದು ಕಣ್ಣೀರು ಹಾಕುತ್ತಿದ್ದರು. ನಾನು ಮತ್ತೆ ವರ್ಷಾಳ ನಂಬರು ಒತ್ತಿದೆ. ಒಂದು ಸುಳ್ಳಿಗೆ ಒಂದು ಪ್ರಾಣ ಬೇಕಾಗುತ್ತದೇನೋ, ಎರಡರಲ್ಲಿ ಯಾವುದನ್ನು ಕೊಟ್ಟು ಬಂದೆನೋ ಎಂದು ಅಂಜುತ್ತಿದ್ದೆ. ಕ್ರಾಸಿನಲ್ಲಿ ಬಸ್ಸು ಸುಮ್ಮನೆ ನಿಂತಿತ್ತು. ಆ ಕಂಡಕ್ಟರನೇ ಡ್ರೈವರನಿಗೆ, "ಏ ಮಾಮಾ, ನಡಿಯೋ, ಅಕ್ಕಾರಿಗೆ ತ್ರಾಸ ಅದ" ಎಂದು ಬಾಗಿಲು ಬಡಿದ.

ಕಲ್ಯಾಣದಲ್ಲಿ ಇಳಿದು ಆಟೋ ಹಿಡಿದೆ. ಕೆರೆ ದಾಟಿ ತಿರುಗಿದರೆ ಕಟ್ಟುತ್ತಿದ್ದ ಮನೆಯ ಮುಂದೆ ಜನ ಗುಂಪಾಗಿ ನಿಂತಿದ್ದರು. ಜನರ ಕಾಲುಗಳ ನಡುವೆ ನಮ್ಮ ಟ್ರಾಲಿ ಕಂಡಿತು. ತೊಟ್ಟಿ ಕೆಳಗೆ ಕೂತಿತ್ತು. ಅದರ ಅಡಿಯಿಂದ ಎಣ್ಣೆ ಹರಿದು ಕೆಂಪು ಮುರ್ರಂ ಕಪ್ಪಾಗಿತ್ತು. ಚಾಸಿಯ ಕಬ್ಬಿಣಕ್ಕೂ ತೊಟ್ಟಿಗೂ ನಡುವೆ ನೀಲಿ ಪಟ್ಟಿಯ ಒಂದು ಚಪ್ಪಲಿ ಸಿಕ್ಕಿ ಚಪ್ಪಟೆಯಾಗಿತ್ತು. ನಾನೇ ಹುಮನಾಬಾದಿನಿಂದ ತಂದುಕೊಟ್ಟ ಚಪ್ಪಲಿ.

ಆಟೋದಿಂದ ಇಳಿದು, ಜನರನ್ನು ತಳ್ಳಿಕೊಂಡು ಟ್ರಾಲಿಯ ಕಡೆ ಓಡಿದೆ.

"ಅವ್ವಾ!"

ದನಿ ಬಂದದ್ದು ಟ್ರಾಲಿಯ ಕಡೆಯಿಂದಲ್ಲ. ಉಸುಕಿನ ಗುಡ್ಡೆಯ ಮೇಲೆ ವರ್ಷಾ ಕೂತಿದ್ದಳು. ಒಂದು ಕಾಲು ಬರಿಗಾಲು. ಪಕ್ಕದಲ್ಲಿ ತಲೆಗೆ ಸಿಂಬಿ ಸುತ್ತಿದ ಹೆಂಗಸೊಬ್ಬಳು ಅವಳನ್ನು ಹಿಡಿದುಕೊಂಡಿದ್ದಳು. ಅದೇ ಮುಕ್ತಾಬಾಯಿ. ವರ್ಷಾಳ ಕಣ್ಣು ಅತ್ತು ಕೆಂಪಾಗಿದ್ದವು. ಎದ್ದು ಕುಂಟುತ್ತ ಓಡಿಬಂದು ನನ್ನ ಎರಡೂ ತೋಳು ಹಿಡಿದಳು.

"ಅಪ್ಪ? ಅವ್ವಾ, ಅಪ್ಪ ಹೋದ್ರೇನು? ಯಾರ ಫೋನೂ ಹತ್ತವಲ್ದು. ಈ ಅಕ್ಕ ಅಂಜಿ ನನ್ನ ಫೋನ್ ಒಗದುಬಿಟ್ಟಾಳ. ಅಪ್ಪ..."

ನಾನು ಅವಳ ಕೈಗಳನ್ನು ನೋಡಿದೆ. ಹತ್ತು ಬೆರಳು. ಮತ್ತೊಮ್ಮೆ ಎಣಿಸಿದೆ.

"ಆರಾಮ ಅದಾರ" ಎಂದೆ. "ಅಪ್ಪ ಆರಾಮ ಅದಾರವ್ವಾ. ಮನ್ಯಾಗ ಅದಾರ. ನಾ ಸುಳ್ಳು ಹೇಳಿಸಿದೆ."

ಅವಳು ಕೈ ಬಿಟ್ಟಳು. ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಸಿಟ್ಟು ಬಂತು.

"ಇಂಥಾ ಸುಳ್ಳೇನವ್ವಾ? ನನ್ನ ಜೀವಾನ ಹೋಗಿತ್ತು! ಎರಡು ಸಲ ಬಿದ್ದೀನಿ ಓಡಿ ಬರಬೇಕಾದ್ರ. ಯಾಕ ಹೇಳ್ಸಿದಿ?"

"ಏ ಹುಡುಗಿ" ಎಂದು ಮುಕ್ತಾಬಾಯಿ ತೊಟ್ಟಿಯ ಕಡೆ ಕೈ ಮಾಡಿದರು. "ಆ ಸುಳ್ಳು ಇಲ್ಲಂದ್ರ ನೀ ಎಲ್ಲಿರ್ತಿದ್ದಿ, ಜರಾ ನೋಡು. ಮೂರು ಹೆಜ್ಜಿ ಈಚೆ ಬಂದಿದ್ದಿ, ಅಷ್ಟ. ನಾ ಕಣ್ಣಾರೆ ನೋಡೀನಿ."

ವರ್ಷಾ ತಿರುಗಿ ನೋಡಿದಳು. ಅಪ್ಪನ ಸುದ್ದಿಯಲ್ಲಿ ಅವಳು ಆ ತೊಟ್ಟಿಯನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಚಪ್ಪಲಿಯನ್ನು ನೋಡಿದಳು. ಅವಳ ಹಲ್ಲು ಕಟಕಟ ಎನ್ನತೊಡಗಿದವು. ಮುಕ್ತಾಬಾಯಿ ತಲೆಯ ಸಿಂಬಿಯನ್ನು ಬಿಚ್ಚಿ ಅವಳಿಗೆ ಹೊದಿಸಿದರು.

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಾಯಿಯ ಕರುಳಿಗೆ ತಿಳಿದಿತ್ತು ಎಂದು ಗುಂಪಿನಲ್ಲಿ ಆಗಲೇ ಯಾರೋ ಹೇಳುತ್ತಿದ್ದರು. ಅದನ್ನು ಕೇಳಿ ನನಗೆ ನಿಲ್ಲಲಾಗಲಿಲ್ಲ.

"ಕರುಳೂ ಅಲ್ಲ, ಏನೂ ಅಲ್ಲವ್ವಾ" ಎಂದೆ. "ನೀ ಮೂರು ಅಂದಿದ್ದಿ. ನಾ ಐದು ಸುತ್ತೀನಿ. ಬಾಯಿನೂ ಮುಚ್ಚೀನಿ. ಅದೇ ಹರಿದು ಒಳಗ ಹೋಗಿ ಕುಂತದಂತ. ಇದೆಲ್ಲಾ ನನ್ನ ಕೈಯಿಂದ ಆಗಿದ್ದು."

ವರ್ಷಾ ನನ್ನ ಕೈಯನ್ನೇ ನೋಡಿದಳು.

ಶಂಕರಲಿಂಗ ಬಂದು ಬೇರೆ ಜಾಕಿನಿಂದ ತೊಟ್ಟಿ ಎತ್ತಿಸಿದರು. ಎರಡು ದಿಮ್ಮಿ ಅಡ್ಡ ಕೊಟ್ಟು, ಅವು ಗಟ್ಟಿಯಾಗಿ ನಿಂತಿವೆಯೇ ಎಂದು ಒದ್ದು ನೋಡಿದ ಮೇಲೆ ಕೆಳಗೆ ಹೋದರು. ಟ್ರಾಕ್ಟರಿನ ವಾಲ್ವು ಬಿಚ್ಚಿ ಚಿಮಟಿಗೆಯಿಂದ ಬಿಳಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದು ಕಾಗದದ ಮೇಲೆ ಇಟ್ಟರು. ಎಣ್ಣೆಯಲ್ಲಿ ನೆಂದ ಶಾವಿಗೆಯ ಚೂರಿನಂತಿದ್ದವು. ಇಷ್ಟೇ ಇಷ್ಟು. ಅಂಗೈಯಲ್ಲಿ ಹಿಡಿದರೆ ತೂಕವೇ ಇರಲಿಲ್ಲ.

ಮನೆಗೆ ಬಂದಾಗ ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತಿದ್ದರು. ಸುತ್ತ ಹತ್ತಾರು ಜನ. ಬಸ್ಸಿನಲ್ಲಿ ನನ್ನ ಕೂಗು ಕೇಳಿದವರು ಯಾರೋ ಊರಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರು. ಮನೆಯವರ ಚಿಕ್ಕಮ್ಮ ಯಶೋದಾಬಾಯಿ ಹುಡಗಿ ಎಂಬ ಊರಿನಿಂದ ಅಳುತ್ತ ಬಂದು, ಸತ್ತವನೇ ಚಹಾ ಕೇಳಿದ್ದನ್ನು ನೋಡಿ ಬೈಯುತ್ತ ಕೂತಿದ್ದರು.

ನಾನು ಮನೆಯವರ ಕಾಲ ಬಳಿ ಕೂತು ಎಲ್ಲ ಹೇಳಿದೆ. ತಲೆ ಎತ್ತಲಾಗಲಿಲ್ಲ. ಅವರು ವರ್ಷಾಳ ಬರಿಗಾಲನ್ನು ನೋಡಿದರು.

"ನನ್ನ ಸಾಯಿಸಿ ಮಗಳನ್ನ ಉಳಿಸ್ಕೊಂಡಿ. ತುಟ್ಟಿ ಏನಾತು?" ಎಂದರು. "ಏಳು. ಎರಡು ತಾಸಿನಿಂದ ಸತ್ತು ಕುಂತೀನಿ, ಹೊಟ್ಟಿ ಹಸದದ."

ಎಲ್ಲರೂ ನಕ್ಕರು. ಅವರ ಕೈ ಮಾತ್ರ ವರ್ಷಾಳ ಜಡೆಯನ್ನು ಹಿಡಿದದ್ದು ಬಿಡಲಿಲ್ಲ.

ಎರಡು ದಿನದ ಮೇಲೆ ಶಂಕರಲಿಂಗ ಎಣ್ಣೆ ಸೋಸಿ, ಪೈಪು ತೊಳೆದು ಟ್ರಾಲಿ ಕಳಿಸಿದರು. ಹೊಸ ನಿಪ್ಪಲ್ ಕೂಡಿಸುವುದು ಉಳಿದಿತ್ತು. ನಾನು ಅಕ್ಕಿ ಆರಿಸುತ್ತ ಒಳಗೇ ಇದ್ದೆ. ವರ್ಷಾ ಬಾಗಿಲಲ್ಲಿ ನಿಂತಳು. ಕೈಯೆಲ್ಲ ಎಣ್ಣೆ.

"ಬಾ ಅವ್ವಾ. ಟೇಪು ಸುತ್ತು."

"ನಾ ಒಲ್ಲೆ. ನಿಮ್ಮಪ್ಪಗ ಹೇಳು."

"ಅಪ್ಪನ ಕೈ ನಡಗತಾವ. ನೀನ ಬಾ."

"ನನ್ನವು ನಡಗೂದಿಲ್ಲೇನು?"

"ನಡಗಲಿ ಬಾ. ನಾ ಇಲ್ಲೇ ನಿಂತಿರ್ತೀನಿ. ಈ ಸಲ ಎಲ್ಲಿಗೂ ಹೋಗೂದಿಲ್ಲ."

ಹೋದೆ. ದಿಮ್ಮಿ ಕೊಟ್ಟಿದ್ದಳು. ಈ ಸಲ ಎರಡು. ನಿಪ್ಪಲ್ಲನ್ನು ಎಡಗೈಯಲ್ಲಿ ಹಿಡಿದೆ. ತುದಿಯ ಎರಡು ಗೆರೆ ಬಿಟ್ಟು ಟೇಪಿನ ತುದಿ ಒತ್ತಿದೆ. ವರ್ಷಾ ನನ್ನ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಗ್ಗಿದಳು.

ಬಾಯಿಗೆ ಲಾಭ ಎಂದೇ ಬಂತು. ನುಂಗಿಕೊಂಡೆ.

"ಒಂದು" ಎಂದೆ. "ಎರಡು. ಮೂರು."

ಟೇಪಿನ ಸುರುಳಿ ಕೈಯಲ್ಲಿ ಇನ್ನೂ ಉಳಿದಿತ್ತು. ಹೆಬ್ಬೆರಳು ಮುಂದಿನ ಸುತ್ತಿಗೆ ಆಗಲೇ ಎದ್ದಿತ್ತು. ವರ್ಷಾ ಬಗ್ಗಿ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದಳು. ನಿಪ್ಪಲ್ ತೆಗೆದುಕೊಂಡು ತೊಟ್ಟಿಯ ಕೆಳಗೆ ಹೋದಳು.

ಬಿಸಿಲಿಗೆ ಅದರ ತುದಿಯ ಎರಡು ಗೆರೆಗಳು ಹೊದಿಕೆಯಿಲ್ಲದೆ ಹೊಳೆದವು. ಅವನ್ನು ಹಾಗೆ ಬಿಡುವುದು ನನಗೆ ಎಷ್ಟು ಕಷ್ಟವೆಂದು ಅವಳಿಗೆ ಹೇಳಲಿಲ್ಲ. ದಿಮ್ಮಿಯ ಮೇಲೆ ಕೈಯಿಟ್ಟುಕೊಂಡು, ಮೊದಲು ಬಲಗಾಲು, ಆಮೇಲೆ ತಲೆ, ಜಡೆಯ ಮೇಲಿನ ಕೈ, ಎಲ್ಲ ಹೊರಗೆ ಬರುವ ತನಕ ನಿಂತಿದ್ದೆ.